ಫೋನ್ ಕೆಟ್ಟಿದ್ದಕ್ಕೆ ಮೂರು ದಿನದ ಸಂಬಳ ಹೋಯ್ತು, ಮೇಲೆ ಕಂತೂ ಬೌನ್ಸ್

ಪೀಣ್ಯ ಸೆಕೆಂಡ್ ಸ್ಟೇಜ್:
ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ತಮ್ಮನ ಒಡೆದ ಫೋನಿನಲ್ಲಿ ಬರೆಯುತ್ತಿದ್ದೇನೆ. ನನ್ನದು ಎಲ್ಲಿ ಹೋಯ್ತು ಅನ್ನೋದೇ ಕಥೆ.

ಹೋದ ತಿಂಗಳು ಒಂದು ಶನಿವಾರ ರಾತ್ರಿ ಫೋನಿಗೆ ಅಪ್‌ಡೇಟ್ ಬಂತು. ಚಾರ್ಜಿಗೆ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಸ್ಕ್ರೀನಿನ ಬಲಗಡೆ ಮೇಲಿಂದ ಕೆಳಗೆ ಒಂದು ಹಸಿರು ಗೆರೆ. ದಾರದಷ್ಟು ತೆಳ್ಳಗೆ. "ಮಾದಾವರದಿಂದ ರೇಷ್ಮೆ ಸಂಸ್ಥೆವರೆಗಿನ ಮೆಟ್ರೋ ಗ್ರೀನ್ ಲೈನ್ ನಿಮ್ಮ ಜೇಬಿಗೇ ಬಂತಲ್ಲ" ಅಂತ ಹೆಂಡತಿ ನಕ್ಕಳು. ಸಂಜೆಗೆ ಗೆರೆ ಮೂರಾಯಿತು. ಸೋಮವಾರ ಬೆಳಗ್ಗೆ ಐದೂವರೆಗೆ ಅಲಾರಂ ಹೊಡೆದುಕೊಳ್ಳುತ್ತಿದೆ, ಸ್ಕ್ರೀನ್ ಪೂರ್ತಿ ಕಪ್ಪು. ಅಂದಾಜಿನ ಮೇಲೆ ಎಲ್ಲೆಲ್ಲೋ ಒತ್ತಿ ನಿಲ್ಲಿಸಿದೆ.

ನಮ್ಮದು ಸಣ್ಣ ಕಂಪನಿ. ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಹೋದ ವರ್ಷದವರೆಗೆ ಗೇಟಿನಲ್ಲಿ ಬೆರಳು ಒತ್ತುವ ಮೆಷಿನ್ ಇತ್ತು. ಅದನ್ನು ಕಿತ್ತು ಆ್ಯಪ್ ಮಾಡಿದರು. ಗೇಟಿನ ಒಳಗೆ ಬಂದು ಅವರವರ ಫೋನಿಗೇ ಮುಖ ತೋರಿಸಿ ಹಾಜರಿ ಹಾಕಬೇಕು. ನನ್ನ ಹಳೇ ಫೋನಿನಲ್ಲಿ ಆ ಆ್ಯಪ್ ಇನ್‌ಸ್ಟಾಲೇ ಆಗಲಿಲ್ಲ. ಆಂಡ್ರಾಯ್ಡ್ ಹಳೇದಂತೆ. ಅದಕ್ಕೇ ಹೊಸದು ತಗೊಂಡಿದ್ದು. 27,000 ರೂಪಾಯಿ. ಅಂಗಡಿಯಲ್ಲೇ ಟೇಬಲ್ ಹಾಕಿಕೊಂಡು ಕೂತಿದ್ದ ಫೈನಾನ್ಸ್ ಹುಡುಗ "ನೋ ಕಾಸ್ಟ್ ಇಎಂಐ ಸರ್, ಐದು ನಿಮಿಷ" ಅಂದ. ತಿಂಗಳಿಗೆ 2,250, ಹನ್ನೆರಡು ಕಂತು. ಎಂಟು ಕಟ್ಟಿದ್ದೆ.

ಸೋಮ, ಮಂಗಳ, ಬುಧ ಮೂರೂ ದಿನ ಕೆಲಸಕ್ಕೆ ಹೋಗಿದ್ದೇನೆ. ಹಾಜರಿ ಹಾಕೋಕೆ ಫೋನಿಲ್ಲ. ಮಂಗಳವಾರ ತಮ್ಮನ ಈ ಫೋನ್ ಇಸ್ಕೊಂಡು ಲಾಗಿನ್ ಆದರೆ "ಈ ಡಿವೈಸ್ ನೋಂದಣಿ ಆಗಿಲ್ಲ" ಅಂತ ಬಂತು. ಎಚ್‌ಆರ್ ಒಪ್ಪಿಗೆ ಸಿಗೋದಕ್ಕೆ ಗುರುವಾರ ಆಯಿತು. ತಿಂಗಳ ಕೊನೆಗೆ ನೋಡಿದರೆ ಮೂರು ದಿನ ಲಾಸ್ ಆಫ್ ಪೇ. ಸಂಬಳ 31,000, ಅದರಲ್ಲಿ 3,100 ಕಟ್. ಕೇಳಿದರೆ "ಸಿಸ್ಟಮ್‌ನಲ್ಲಿ ನೀವು ಬಂದಿಲ್ಲ" ಅನ್ನುತ್ತಾರೆ. ನಾನು ಅವರ ಎದುರಿಗೇ ನಿಂತಿದ್ದೆ.

ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಒಂದು, ಎರಡನೇ ತಾರೀಖಿಗೆ ಬರುತ್ತಿದ್ದ ಸಂಬಳ ಈ ಸಲ 7ಕ್ಕೆ ಬಂತು. ಕಂತಿನ ದಿನ 5. ಖಾತೆಯಲ್ಲಿ 1,800 ಇತ್ತು. 5ರಂದು ಒಂದು ಸಲ, 6ರಂದು ಇನ್ನೊಂದು ಸಲ ಎಳೆದಿದ್ದಾರೆ. ಬ್ಯಾಂಕಿನವರು ಎರಡು ಸಲಕ್ಕೂ 295ರಂತೆ 590 ಹಾಕಿದರು, ಫೈನಾನ್ಸಿನವರು 500. ಒಟ್ಟು 1,090. 2,250ರ ಕಂತಿಗೆ! 7ರ ಬೆಳಗ್ಗೆ 7:40ಕ್ಕೆ ಕಲೆಕ್ಷನ್ ಹುಡುಗ ಚನ್ನರಾಯಪಟ್ಟಣದಲ್ಲಿರೋ ನಮ್ಮಪ್ಪನಿಗೆ ಫೋನ್ ಮಾಡಿದ್ದಾನೆ. ಅಪ್ಪ ಹಾಲು ಹಾಕೋಕೆ ಡೈರಿಗೆ ಹೋಗಿದ್ದರಂತೆ. "ಏನೋ ಸಾಲ ಮಾಡ್ಕೊಂಡಿದೀಯಂತೆ" ಅಂತ ಎಲ್ಲರ ಎದುರಿಗೆ ಸ್ಪೀಕರ್ ಹಾಕಿಕೊಂಡೇ ನನಗೆ ಫೋನ್ ಮಾಡಿದರು. ಅವರಿಗೆ ಸ್ಪೀಕರ್ ಆಫ್ ಮಾಡೋಕೆ ಬರೋದಿಲ್ಲ.

ಹಾಂ, ಸರ್ವೀಸ್ ಸೆಂಟರ್ ಕಥೆ ಬಿಟ್ಟೆ. ಟೋಕನ್ 64. ಗೋಡೆ ಮೇಲಿನ ಟಿವಿಯಲ್ಲಿ ಅದೇ ಕಂಪನಿಯ ಹೊಸ ಫೋನಿನ ಜಾಹೀರಾತು ಸುತ್ತಿ ಸುತ್ತಿ ಬರುತ್ತಿತ್ತು. ಒಂದೂವರೆ ಗಂಟೆ ಆದ ಮೇಲೆ ಕೌಂಟರಿನ ಹುಡುಗ ಫೋನನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಕೆಳಗಿನ ಮೂಲೆಯಲ್ಲಿ ಎಳ್ಳು ಕಾಳಿನಷ್ಟು ಒಂದು ತಗ್ಗು. ಅದರ ಮೇಲೆ ಉಗುರು ಇಟ್ಟು "ಫಿಜಿಕಲ್ ಡ್ಯಾಮೇಜ್ ಸರ್, ವಾರಂಟಿ ಬರಲ್ಲ. ಡಿಸ್‌ಪ್ಲೇಗೆ 9,400" ಅಂದ. ಫೋನ್ ಅಲ್ಲೇ ಇದೆ. ಏನು ಮಾಡಲಿ?

ಹಾಸಿಗೆ ಇದ್ದಷ್ಟು:
ಬೇಜಾರು ಮಾಡ್ಕೋಬೇಡಿ. 31 ಸಾವಿರ ಸಂಬಳಕ್ಕೆ 27 ಸಾವಿರದ ಫೋನ್ ಯಾಕೆ ಬೇಕಿತ್ತು? 9-10 ಸಾವಿರಕ್ಕೆ ಹೊಸ ಫೋನ್ ಸಿಗುತ್ತೆ. ಕಂತು ಅಂದ ತಕ್ಷಣ ಎಲ್ಲರಿಗೂ ಕೈ ಉದ್ದ ಆಗುತ್ತೆ.

ನೈಟ್ ಶಿಫ್ಟ್:
ಅಣ್ಣ, ಅವರು ಬರೆದಿದ್ದನ್ನು ಓದಿದ್ರಾ? ಕಂಪನಿ ಆ್ಯಪ್ ಹಳೇ ಫೋನಿನಲ್ಲಿ ನಡೆಯಲಿಲ್ಲ ಅಂತ ಹೊಸದು ತಗೊಂಡಿದ್ದು. ಗೇಟಿನ ಮೆಷಿನ್ ಕಂಪನಿ ದುಡ್ಡಿನದು, ಫೋನ್ ಇವರ ದುಡ್ಡಿನದು. ಮೆಷಿನ್ ಕೆಟ್ಟರೆ ಎಲ್ಲರಿಗೂ ಹಾಜರಿ ಕೊಡ್ತಿದ್ರು. ಫೋನ್ ಕೆಟ್ಟರೆ ಸಂಬಳ ಕಟ್. ನಮ್ಮಲ್ಲೂ ಇದೇ. ಹಾಜರಿ ಆ್ಯಪ್, ಕ್ಯಾಬ್ ಆ್ಯಪ್, ಓಟಿಪಿ ಆ್ಯಪ್, ಸಂಬಳದ ಚೀಟಿಗೆ ಇನ್ನೊಂದು ಆ್ಯಪ್. ನಾಲ್ಕಕ್ಕೂ ನನ್ನದೇ ಫೋನ್, ನನ್ನದೇ ಡೇಟಾ.

ಹಾಸಿಗೆ ಇದ್ದಷ್ಟು:
ಓದಿದೆ. 10 ಸಾವಿರದ ಫೋನಿನಲ್ಲೂ ಆ ಆ್ಯಪ್ ನಡೆಯುತ್ತಿತ್ತು ಅಂದೆ ಅಷ್ಟೆ.

ಪೀಣ್ಯ ಸೆಕೆಂಡ್ ಸ್ಟೇಜ್:
ನೀವು ಹೇಳೋದು ಸರಿ, ಸುಳ್ಳು ಹೇಳಲ್ಲ. ಮಗಳ ನಾಮಕರಣ ಹತ್ತಿರ ಇತ್ತು, ಕ್ಯಾಮೆರಾ ಚೆನ್ನಾಗಿರಲಿ ಅಂತ ಆಸೆ ಬಿತ್ತು. ಆ ಫೋಟೋಗಳೂ ಈಗ ಅದರೊಳಗೇ ಇವೆ.

ಹಾಟ್‌ಗನ್ ರಿಪೇರಿ:
ಶಿವಮೊಗ್ಗದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಹಸಿರು ಗೆರೆ ಬಗ್ಗೆ ಹೇಳ್ತೀನಿ.

ಇದು ಬರೋದು ಅಮೊಲೆಡ್ ಪ್ಯಾನೆಲ್‌ಗಳಲ್ಲಿ, ಅಂದರೆ ಒಂದೊಂದು ಚುಕ್ಕೆಯೂ ತಾನೇ ಬೆಳಗೋ ಸ್ಕ್ರೀನ್‌ಗಳಲ್ಲಿ. ಪ್ಯಾನೆಲ್ಲಿನ ಕೆಳಗಡೆ ಕಾಗದದ ಹಾಗೆ ಮಡಚಿರೋ ತೆಳು ಫ್ಲೆಕ್ಸ್ ಇರುತ್ತೆ. ಒಂದೊಂದು ಸಾಲು ಪಿಕ್ಸೆಲ್‌ಗೂ ಸಿಗ್ನಲ್ ಹೋಗೋದು ಅದರ ಮೂಲಕವೇ. ಅದು ಅಂಟಿರೋ ಜಾಗದಲ್ಲಿ ಒಂದು ಕೂದಲಿನಷ್ಟು ಬಿಟ್ಟುಕೊಂಡರೂ ಆ ಸಾಲು ಪೂರ್ತಿ ಹಸಿರೋ, ಗುಲಾಬಿಯೋ, ಬಿಳಿಯೋ ಆಗಿ ನಿಂತುಬಿಡುತ್ತೆ. ಬಿದ್ದರೂ ಬರುತ್ತೆ, ಬೀಳದೇನೂ ಬರುತ್ತೆ. ಅಪ್‌ಡೇಟ್ ಆದ ರಾತ್ರಿಯೇ ಬಂತು ಅಂತ ನನ್ನ ಹತ್ತಿರ ಬಂದವರು ಎಷ್ಟೋ ಜನ. ಅಪ್‌ಡೇಟ್ ಹೊತ್ತಲ್ಲಿ ಫೋನ್ ಕಾಯುತ್ತೆ, ಜೊತೆಗೆ ಚಾರ್ಜ್ ಬೇರೆ. ಮೊದಲೇ ಸಡಿಲ ಆಗಿದ್ದ ಜಾಗಕ್ಕೆ ಆ ಬಿಸಿಯೇ ಸಾಕು ಅಂತ ನನ್ನ ಲೆಕ್ಕ. ಬಿದ್ದು ಪೆಟ್ಟಾಗಿದ್ದರೆ ಸಾಮಾನ್ಯವಾಗಿ ಗಾಜಿನಲ್ಲಿ ಬಿರುಕೋ, ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆಯೋ ಇರುತ್ತೆ. ನಿಮ್ಮದರಲ್ಲಿ ಇತ್ತಾ?

ಒಂದು ಮಾತು. ಹೊರಗಡೆ "3,000ಕ್ಕೆ ಹಾಕಿಕೊಡ್ತೀನಿ" ಅನ್ನೋರ ಹತ್ತಿರ ಹೋಗಬೇಡಿ. ಅವರು ಹಾಕೋದು ಅಮೊಲೆಡ್ ಅಲ್ಲ, ಅದೇ ಅಳತೆಯ ಎಲ್‌ಸಿಡಿ. ನೋಡೋಕೆ ಹಾಗೇ ಇರುತ್ತೆ. ಸ್ಕ್ರೀನ್ ಒಳಗಿನ ಬೆರಳಚ್ಚು ಕೆಲಸ ಮಾಡಲ್ಲ, ಬ್ಯಾಟರಿ ಬೇಗ ಇಳಿಯುತ್ತೆ. ನನ್ನ ಕಸುಬಿನವರ ಮೇಲೇ ಹೇಳ್ತಿದೀನಿ ಅಂತ ಬೈಬೇಡಿ.

ಪೀಣ್ಯ ಸೆಕೆಂಡ್ ಸ್ಟೇಜ್:
ಬಿರುಕು ಇಲ್ಲ ಅಣ್ಣ. ಸ್ಕ್ರೀನ್ ಗಾರ್ಡಿನ ಮೇಲೂ ಗೀರಿಲ್ಲ.

ಲೆಡ್ಜರ್ ಅಕ್ಕ:
ಮೈಸೂರಿನಲ್ಲಿ ಅಕೌಂಟ್ಸ್ ಕೆಲಸ ನನ್ನದು, ಸಂಬಳದ ಲೆಕ್ಕವೂ ನಾನೇ ಮಾಡೋದು. ಒಂದೊಂದಾಗಿ ಬಿಡಿಸೋಣ.

ಸಂಬಳ 7ಕ್ಕೆ ಬಂದಿದ್ದಕ್ಕೆ ಕಂಪನಿಯನ್ನು ಹಿಡಿಯೋಕಾಗಲ್ಲ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು ಅಂತಲೇ ಕಾನೂನು ಇರೋದು. ಹಾಗಾಗಿ ಕಂತಿನ ದಿನವನ್ನು 5ಕ್ಕೆ ಇಟ್ಟುಕೊಂಡಿದ್ದೇ ತಪ್ಪು. ಫೈನಾನ್ಸಿನವರಿಗೆ ಬರೆದು 10ಕ್ಕೆ ಹಾಕಿಸಿಕೊಳ್ಳೋಕೆ ಆಗುತ್ತಾ ಕೇಳಿ. ಎಲ್ಲರೂ ಒಪ್ಪಲ್ಲ, ಕೇಳೋಕೆ ದುಡ್ಡಿಲ್ಲ.

ಅಪ್ಪನಿಗೆ ಫೋನ್ ಮಾಡಿದ್ದು ಮಾತ್ರ ಶುದ್ಧ ತಪ್ಪು. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡೋ ಹಾಗಿಲ್ಲ, ಮನೆಯವರಿಗೆ, ಸ್ನೇಹಿತರಿಗೆ ಕಿರುಕುಳ ಕೊಡೋ ಹಾಗಿಲ್ಲ ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಅಪ್ಪನ ಫೋನಿನ ಕಾಲ್ ಲಿಸ್ಟಿನ ಫೋಟೋ ತರಿಸಿಕೊಳ್ಳಿ, ಟೈಮ್ ಕಾಣೋ ಹಾಗೆ. ಮೊದಲು ಫೈನಾನ್ಸ್ ಕಂಪನಿಗೆ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ಕೇಳೋ ಅಧಿಕಾರಿ.

ಮೂರು ದಿನದ ಹಾಜರಿ. ನೀವು ಡಿಸ್ಪ್ಯಾಚ್ ಅಂದ್ರಿ. ಆ ಮೂರು ದಿನ ಲಾರಿ ಲೋಡ್ ಆಯ್ತಲ್ವಾ? ಡೆಲಿವರಿ ಚಲನ್ ಮೇಲೆ ಸಹಿ ಯಾರದ್ದು?

ಪೀಣ್ಯ ಸೆಕೆಂಡ್ ಸ್ಟೇಜ್:
ಅಯ್ಯೋ! ನನ್ನದೇ ಅಕ್ಕ. ಮೂರು ದಿನದಲ್ಲಿ ಹನ್ನೊಂದು ಚಲನ್. ಸೆಕ್ಯುರಿಟಿ ತಾತನ ಗೇಟ್ ಪಾಸ್ ಪುಸ್ತಕದಲ್ಲೂ ನನ್ನ ಹೆಸರಿದೆ.

ಲೆಡ್ಜರ್ ಅಕ್ಕ:
ಬರದೇ ಇರೋನು ಮಾಲು ಕಳಿಸಿದ್ದಾನೆ ಅಂದರೆ ಆಡಿಟ್‌ನವರು ಏನು ಕೇಳ್ತಾರೆ ಅಂತ ಮೃದುವಾಗಿ ಮೇಲ್ ಹಾಕಿ. ಜೋರಾಗಿ ಬೇಡ. ಹನ್ನೊಂದು ಚಲನಿನ ನಂಬರ್ ಬರೆಯಿರಿ, ಸಾಕು.

ಇನ್ನೊಂದು. ಸಾಲದ ಕಾಗದ ಪೂರ್ತಿ ತೆಗೆದು ನೋಡಿದ್ದೀರಾ? 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಕೊಡಲೇಬೇಕು. ಬಡ್ಡಿ, ಚಾರ್ಜು, ಇನ್ಶೂರೆನ್ಸ್ ಎಲ್ಲಾ ಅದರಲ್ಲಿ ಬರುತ್ತೆ. ಸಾಲ ತಗೊಳ್ಳೋರಿಗೆ ಅರ್ಥವಾಗೋ ಭಾಷೆಯಲ್ಲಿ ಕೊಡಬೇಕು ಅಂತಲೂ ನಿಯಮ ಇದೆ. ಕನ್ನಡದಲ್ಲಿ ಕೇಳಿ ತಗೊಂಡವರನ್ನು ನಾನಂತೂ ಇಲ್ಲಿವರೆಗೆ ನೋಡಿಲ್ಲ.

ನೈಟ್ ಶಿಫ್ಟ್:
ಅಕ್ಕ, ನೋ ಕಾಸ್ಟ್ ಅಂದರೆ ನಿಜವಾಗಲೂ ಬಡ್ಡಿ ಇಲ್ವಾ? ನಾನು ಕ್ರೆಡಿಟ್ ಕಾರ್ಡಿನಲ್ಲಿ ತಗೊಂಡಾಗ ಬಿಲ್ಲಿನಲ್ಲಿ ಬಡ್ಡಿ ಅಂತ ಬೇರೆ ಸಾಲು ಇತ್ತು.

ಲೆಡ್ಜರ್ ಅಕ್ಕ:
ಬಡ್ಡಿ ಇರುತ್ತೆ. ಕಟ್ಟೋರು ಬೇರೆ ಇರ್ತಾರೆ, ಅಷ್ಟೆ. ಕಾರ್ಡಿನಲ್ಲಿ ಸೊನ್ನೆ ಬಡ್ಡಿ ಅಂತ ಸ್ಕೀಮ್ ಮಾಡಬಾರದು ಅಂತ ಆರ್‌ಬಿಐ 2013ರಲ್ಲೇ ಹೇಳಿತು. ಅದಕ್ಕೆ ದಾರಿ ಕಂಡುಕೊಂಡರು. ಇದೇ 27,000ದ ಫೋನ್, 12 ತಿಂಗಳು, 16% ಬಡ್ಡಿ ಅಂದುಕೊಳ್ಳಿ. ಮೊದಲೇ ಸುಮಾರು 2,200 ಡಿಸ್ಕೌಂಟ್ ಕೊಟ್ಟು ಸಾಲವನ್ನು 24,800 ಅಂತ ಬರೀತಾರೆ. ಅದಕ್ಕೆ ಬಡ್ಡಿ ಸೇರಿಸಿ ವಾಪಸ್ 27,000 ಮಾಡ್ತಾರೆ. ಸರಿ ಹೋಯ್ತಲ್ಲ ಅನ್ನಬೇಡಿ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ 18% ಜಿಎಸ್‌ಟಿ ಇದೆ. 2,200ಕ್ಕೆ 396 ರೂಪಾಯಿ. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ, ಒಟ್ಟು 235. ಅಲ್ಲಿಗೆ ನೋ ಕಾಸ್ಟಿನ ಕಾಸ್ಟು 631. ಫೈನಾನ್ಸ್ ಕಂಪನಿ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಆದರೆ ಅವರು ಬೇರೆ ಕಡೆ ಕೈ ಹಾಕ್ತಾರೆ, ಅದಕ್ಕೇ ಕಾಗದ ನೋಡಿ ಅಂದಿದ್ದು.

ಎಲ್ಲಕ್ಕಿಂತ ದೊಡ್ಡದು, ಪೂರ್ತಿ ಕ್ಯಾಶ್ ಕೊಡ್ತೀನಿ ಅಂತ ಹೇಳಿ ಅದೇ ಡಿಸ್ಕೌಂಟನ್ನು ಕೇಳಿ ನೋಡಿ. ಕೆಲವು ಅಂಗಡಿಯವರು ಕೊಡ್ತಾರೆ.

ನೈಟ್ ಶಿಫ್ಟ್:
ಸಂಬಳದ ಚೀಟಿ ಮಾತು ಬಂದಿದ್ದಕ್ಕೆ ಒಂದು ಸಂಕಟ. ವೃತ್ತಿ ತೆರಿಗೆ ತಿಂಗಳಿಗೆ 200 ಇತ್ತಲ್ಲ, ಫೆಬ್ರವರಿಯಲ್ಲಿ ಮಾತ್ರ 300 ಹಿಡಿದಿದ್ದಾರೆ. ಇರೋದೇ 28 ದಿನ!

ಲೆಡ್ಜರ್ ಅಕ್ಕ:
2025ರ ಏಪ್ರಿಲ್‌ನಿಂದ ಹಾಗೇ ಆಗಿದೆ. ವರ್ಷಕ್ಕೆ 2,500 ಆಗಬೇಕು ಅಂತ ಆ ನೂರನ್ನು ಫೆಬ್ರವರಿಗೆ ಹಾಕಿದ್ದಾರೆ. ನನ್ನ ಆಫೀಸಿನಲ್ಲೂ ಪ್ರತಿಯೊಬ್ಬರೂ ಬಂದು ಜಗಳ ಆಡಿದರು.

ಬಂದರು ಮೀನು:
ನನ್ನದೂ ಒಂದು ಕೇಳಿ ಮಾರಾಯ್ರೆ. ಮಂಗಳೂರಲ್ಲಿ ಜೂನಿನಲ್ಲಿ ಇಯರ್‌ಫೋನ್ ಕೆಟ್ಟಿತು. ಸರ್ವೀಸ್ ಸೆಂಟರಿನವರು "ನೀರು ಹೋಗಿದೆ" ಅಂದರು. ಡಬ್ಬಿಯ ಮೇಲೆ ವಾಟರ್ ರೆಸಿಸ್ಟೆಂಟ್ ಅಂತ ದೊಡ್ಡದಾಗಿ ಬರೆದಿದೆ. ತೋರಿಸಿದೆ. "ಅದು ರೆಸಿಸ್ಟೆಂಟ್, ಪ್ರೂಫ್ ಅಲ್ಲ" ಅಂದರು. ಜೂನಿನಲ್ಲಿ ಮಂಗಳೂರಲ್ಲಿ ಗಾಳಿಯೇ ಅರ್ಧ ನೀರು. ಕಿವಿಗೆ ಇಡದೆ ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕಾ?

ರೈನ್ ತೀರ:
ನಾನು ಡ್ಯೂಸೆಲ್‌ಡಾರ್ಫ್‌ನಲ್ಲಿದ್ದೇನೆ. ಇಲ್ಲಿ ಹೊಸ ವಸ್ತುವಿಗೆ ಎರಡು ವರ್ಷ ಅಂಗಡಿಯವರೇ ಹೊಣೆ, ಕಾನೂನೇ ಹಾಗಿದೆ. ಮೊದಲ ವರ್ಷದಲ್ಲಿ ಕೆಟ್ಟರೆ "ನೀವೇ ಕೆಡಿಸಿದ್ದು" ಅಂತ ಸಾಬೀತು ಮಾಡೋ ಹೊಣೆಯೂ ಅವರದ್ದೇ.

ಬಂದರು ಮೀನು:
ಒಳ್ಳೇದಾಯ್ತು. ಅಲ್ಲಿಗೆ ಬಸ್ ಎಷ್ಟು ಗಂಟೆಗೆ?

ರೈನ್ ತೀರ:
ಹೊಟ್ಟೆ ಉರಿಸೋಕೆ ಹೇಳಿದ್ದಲ್ಲ ಮಾರಾಯ್ರೆ. ಇಲ್ಲಿ ವಾಷಿಂಗ್ ಮೆಷಿನ್ ರಿಪೇರಿಗೆ ಮನೆಗೆ ಬರೋರು ಬಾಗಿಲು ತಟ್ಟಿದ್ದಕ್ಕೇ ಬಿಲ್ ಹಾಕ್ತಾರೆ. ಶಿವಮೊಗ್ಗದ ಅಣ್ಣನಂಥೋರು ನಮ್ಮ ಬೀದಿಯಲ್ಲಿ ಇಲ್ಲ.

ಸಾಧನಕೇರಿ:
ಪೀಣ್ಯದವರೇ, ನಾ ಧಾರವಾಡದವ. ಮಿಕ್ಸರ್ ಸಲುವಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ ಬಂದವ. 4,200 ರೂಪಾಯಿ ಮಿಕ್ಸರ್‌ಗೆ ಹನ್ನೊಂದು ತಿಂಗಳು ಓಡಾಡಿದೆ. ನಮ್ಮ ಮನಿಯಾಕಿ "ಆ ಬಸ್ ಖರ್ಚಿನಾಗ ಎರಡು ಮಿಕ್ಸರ್ ಬರ್ತಿದ್ದವು" ಅಂತ ಈಗಲೂ ಅಂತಾಳ. ಆದರೂ ಹೋಗ್ರಿ ಅಂತಲೇ ಹೇಳ್ತೀನಿ. ವಕೀಲರು ಬೇಕಂತ ಇಲ್ಲ, ನಾನೇ ನಿಂತು ಮಾತಾಡಿದೆ. ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಫೀ ಇಲ್ಲ. 2019ರ ಕಾಯ್ದೆ ಬಂದ ಮೇಲೆ ನೀವು ಇರೋ ಊರಿನಲ್ಲೇ ಹಾಕಬಹುದು, ಅಂಗಡಿ ಎಲ್ಲೇ ಇರಲಿ. ತೊಂದರೆ ಆದ ಎರಡು ವರ್ಷದೊಳಗ ಹಾಕಬೇಕು.

ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡ್ರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಾಗೂ ಮಾತಾಡ್ತಾರ. ಅವರು ತೀರ್ಪು ಕೊಡಂಗಿಲ್ಲ, ಕಂಪನಿಗೆ ದೂರು ಮುಟ್ಟಿಸ್ತಾರ. ಕೌಂಟರಿನ ಹುಡುಗ ಅಲ್ಲದೇ ಬೇರೆ ಯಾರಾದರೂ ಓದ್ತಾರಲ್ಲ, ಅಷ್ಟು ಸಾಕು. ವಾರಂಟಿ ಯಾಕ ಕೊಡಂಗಿಲ್ಲ ಅನ್ನೋದನ್ನ ಮಾತ್ರ ಕಾಗದದ ಮ್ಯಾಲೆ ಬರೆಸಿಕೊಳ್ರಿ. ಬಾಯಿ ಮಾತು ಗಾಳಿಗೆ ಹೋಗ್ತದ.

ಹಾಟ್‌ಗನ್ ರಿಪೇರಿ:
ಇದಕ್ಕೆ ಸೇರಿಸ್ತೀನಿ. ಯಾವ ಸರ್ವೀಸ್ ಸೆಂಟರಿಗೆ ಕೊಡುವಾಗಲೂ ಅವರ ಕೌಂಟರಿನ ಮೇಲೇ ಇಟ್ಟು ಆರೂ ಕಡೆಯಿಂದ ವಿಡಿಯೋ ಮಾಡಿಕೊಳ್ಳಿ. ಜಾಬ್ ಶೀಟಿನಲ್ಲಿ ಎಲ್ಲೆಲ್ಲಿ ಗೀರಿದೆ, ತಗ್ಗಿದೆ ಅಂತ ಬರೆಸಿ. ಒಳಗೆ ಹೋಗಿ ಬಂದ ಮೇಲೆ ಹೊಸ ತಗ್ಗು ಹುಟ್ಟೋದು ನಾನು ನೋಡಿದ್ದೀನಿ.

ಪೀಣ್ಯ ಸೆಕೆಂಡ್ ಸ್ಟೇಜ್:
ಅಕ್ಕ ಹೇಳಿದ ಹಾಗೆ ಸಾಲದ ಕಾಗದ ತೆಗೆದೆ. ಹದಿನಾಲ್ಕು ಪುಟ, ಎಲ್ಲಾ ಇಂಗ್ಲಿಷ್. ಒಂಬತ್ತನೇ ಪುಟದಲ್ಲಿ ಪ್ರೊಟೆಕ್ಷನ್ ಪ್ಲಾನ್ ಅಂತ 1,299 ರೂಪಾಯಿ ಹಾಕಿದ್ದಾರೆ! ನನಗೆ ಗೊತ್ತೇ ಇಲ್ಲ. ಸ್ಕ್ರೀನ್ ಒಡೆದರೆ ಒಂದು ವರ್ಷ ಅವರೇ ರಿಪೇರಿ ಮಾಡಿಸಿಕೊಡ್ತಾರಂತೆ. ಬೈಯಬೇಕೋ ಖುಷಿ ಪಡಬೇಕೋ ಗೊತ್ತಾಗದೆ ಫೋನ್ ಮಾಡಿದೆ.

ನಲವತ್ತು ನಿಮಿಷ ಪಿಟೀಲು ಕೇಳಿಸಿದರು. ಆಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಫೋಟೋ ಕಳಿಸಿ ಅಂದಳು. ಅಂಗಡಿಗೆ ಕೊಡೋ ಮೊದಲು ಹೆಂಡತಿ ತಮಾಷೆಗೆ ತೆಗೆದಿದ್ದ ಹಸಿರು ಗೆರೆಯ ಫೋಟೋ ಇತ್ತು, ಕಳಿಸಿದೆ. ಇವತ್ತು ಮೇಲ್ ಬಂದಿದೆ: ಇದು ಅಪಘಾತದಿಂದ ಆದ ಹಾನಿ ಅಲ್ಲ, ತಯಾರಿಕೆಯ ದೋಷ, ಆದ್ದರಿಂದ ಪ್ಲಾನಿನಲ್ಲಿ ಬರೋದಿಲ್ಲ.

ಫೋನ್ ಕಂಪನಿ ಬೀಳಿಸಿದ್ದೀರಿ ಅನ್ನುತ್ತೆ. ಪ್ಲಾನಿನವರು ಬೀಳಿಸಿಲ್ಲ ಅನ್ನುತ್ತಾರೆ. ನಾನು ಮಧ್ಯದಲ್ಲಿ ಕಂತು ಕಟ್ಟುತ್ತಾ ಇದ್ದೀನಿ.

ಹಾಸಿಗೆ ಇದ್ದಷ್ಟು:
ಈಗ ನನಗೂ ಸಿಟ್ಟು ಬಂತು.

ಲೆಡ್ಜರ್ ಅಕ್ಕ:
ಪೀಣ್ಯದವರೇ, ಆ ಮೇಲ್ ಅಳಿಸಬೇಡಿ! ಎರಡು ಕಡೆ ಪ್ರಿಂಟ್ ತೆಗೆಸಿ. ತಯಾರಿಕೆಯ ದೋಷ ಅಂತ ನೀವು ಹೇಳಿದ್ದಲ್ಲ, ಇನ್ನೊಂದು ಕಂಪನಿಯೇ ಬರೆದು ಕೊಟ್ಟಿದೆ. ನಿಮ್ಮ ಇಡೀ ದೂರಿನಲ್ಲಿ ಇದಕ್ಕಿಂತ ಒಳ್ಳೇ ಕಾಗದ ಇಲ್ಲ. ಸರ್ವೀಸ್ ಸೆಂಟರಿನವರ ನಿರಾಕರಣೆ ಚೀಟಿ, ಈ ಮೇಲ್ ಎರಡನ್ನೂ ಒಟ್ಟಿಗೆ 1915ಕ್ಕೆ ಹಾಕಿ.

ಸಾಧನಕೇರಿ:
ಭಾರಿ ಆತು ಬಿಡ್ರಿ. ಹಿಂಗ ಒಬ್ಬರ ಕಾಗದ ಇನ್ನೊಬ್ಬರಿಗೆ ಹಿಡಿದರ ಇಬ್ಬರೂ ಓಡ್ತಾರ.

ನೈಟ್ ಶಿಫ್ಟ್:
ಸಿಬಿಲ್ ಬಗ್ಗೆ, ಅದೇ ಸಾಲ ಸರಿಯಾಗಿ ಕಟ್ಟುತ್ತೀವಾ ಅಂತ ತೋರಿಸೋ ಸ್ಕೋರ್ ಬಗ್ಗೆ ಯಾರೂ ಹೇಳಲಿಲ್ಲ. ಕಂತು ಬೌನ್ಸ್ ಆದರೆ ಸ್ಕೋರ್ ಬೀಳುತ್ತಲ್ವಾ?

ಲೆಡ್ಜರ್ ಅಕ್ಕ:
ಯಾವಾಗ ಕಟ್ಟಿದರು ಅನ್ನೋದರ ಮೇಲಿದೆ. 2025ರ ಜನವರಿಯಿಂದ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸಲ ಸಿಬಿಲ್‌ನಂಥವರಿಗೆ ವರದಿ ಹೋಗುತ್ತೆ. ಮುಂದಿನ ವರದಿಯ ಲೆಕ್ಕಕ್ಕೆ ಮುಂಚೆ ಬಾಕಿ ತೀರಿಸಿದ್ದರೆ ಪೆಟ್ಟು ಬೀಳದೇ ಇರಬಹುದು. ಸುಮ್ನೆ ಊಹೆ ಬೇಡ, ವರ್ಷಕ್ಕೊಂದು ಪೂರ್ತಿ ವರದಿ ಬಿಟ್ಟಿ ಸಿಗುತ್ತೆ, ಮುಂದಿನ ತಿಂಗಳು ತೆಗೆದು ನೋಡಿ. ತಪ್ಪಿದ್ದರೆ ದೂರು ಹಾಕಿ. 30 ದಿನದಲ್ಲಿ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ನಿಮಗೇ ಕೊಡಬೇಕು.

ಪೀಣ್ಯ ಸೆಕೆಂಡ್ ಸ್ಟೇಜ್:
7ರ ಮಧ್ಯಾಹ್ನವೇ ಕಟ್ಟಿದೆ ಅಕ್ಕ, ಸಂಬಳ ಬಂದ ಹತ್ತು ನಿಮಿಷಕ್ಕೆ.

ಪೀಣ್ಯ ಸೆಕೆಂಡ್ ಸ್ಟೇಜ್:
ಮೂರು ವಾರ ಆಯಿತು, ಏನಾಯ್ತು ಹೇಳ್ತೀನಿ.

1915ಕ್ಕೆ ದೂರು ಕೊಟ್ಟೆ. ಆರನೇ ದಿನ ಫೋನ್ ಕಂಪನಿಯಿಂದ ಒಬ್ಬರು ಮಾತಾಡಿದರು. "ಸರ್" ಅನ್ನೋದು "ಸರ್ ದಯವಿಟ್ಟು" ಆಗಿತ್ತು. "ಸದ್ಭಾವನೆಯಿಂದ ಒಂದು ಸಲಕ್ಕೆ" ಡಿಸ್‌ಪ್ಲೇ ಉಚಿತವಾಗಿ ಹಾಕಿಕೊಡ್ತಾರಂತೆ. ತಪ್ಪು ನಮ್ಮದು ಅಂತ ಎಲ್ಲೂ ಬಾಯಿ ಬಿಡಲಿಲ್ಲ. ಹಾಕಿಸಿಕೊಂಡೆ. ಫೋನ್ ರೀಸೆಟ್ ಮಾಡಿಬಿಟ್ಟಿದ್ದಾರೆ, ಒಳಗಿದ್ದದ್ದೆಲ್ಲ ಹೋಯಿತು. ನಾಮಕರಣದ ಫೋಟೋ ಹೆಂಡತಿ ತಂಗಿಯ ವಾಟ್ಸ್‌ಆ್ಯಪಿನಲ್ಲಿ ಇಪ್ಪತ್ಮೂರು ಸಿಕ್ಕವು.

ಫೈನಾನ್ಸಿನವರು ಕಂತಿನ ದಿನ ಬದಲಾಯಿಸೋಕೆ ಆಗಲ್ಲ ಅಂದರು. 500 ವಾಪಸ್ ಕೊಡಲ್ಲ ಅಂದರು. ಅಪ್ಪನಿಗೆ ಫೋನ್ ಮಾಡಿದ್ದಕ್ಕೆ "ವಿಷಾದಿಸುತ್ತೇವೆ" ಅಂತ ಮೇಲ್ ಬಂದಿದೆ. ಅಪ್ಪನಿಗೆ ಓದಿ ಹೇಳಿದೆ. "ಡೈರಿಯೋರಿಗೂ ಒಂದ್ಸಲ ಓದಿ ಹೇಳು" ಅಂದರು.

ಚಲನ್ ಮೇಲ್ ಕೆಲಸ ಮಾಡಿತು. ಮೂರು ದಿನದ ದುಡ್ಡು ಮುಂದಿನ ಸಂಬಳದಲ್ಲಿ ಸೇರಿಸ್ತಾರಂತೆ. ಎಚ್‌ಆರ್ ಮೇಡಂ "ಮೊದಲೇ ಹೇಳಬಾರದಿತ್ತಾ" ಅಂದರು. ಸುಮ್ಮನಿದ್ದೆ.

ನಿನ್ನೆ ಹೊಸ ಸ್ಕ್ರೀನಿನಲ್ಲಿ ಎಲ್ಲಾ ಆ್ಯಪ್ ಮತ್ತೆ ಹಾಕಿಕೊಂಡೆ. ಇವತ್ತು ಬೆಳಗ್ಗೆ 8:50ಕ್ಕೆ ಗೇಟಿನ ಒಳಗೆ ಬಂದು ಮುಖ ತೋರಿಸಿದೆ. "ಈ ಡಿವೈಸ್ ನೋಂದಣಿ ಆಗಿಲ್ಲ" ಅಂತ ಬಂತು.

ಲೆಡ್ಜರ್ ಅಕ್ಕ:
ಒಳಗೆ ಹೋಗೋ ಮುಂಚೆ ಮೇಲ್ ಹಾಕಿದ್ರಾ?

ಪೀಣ್ಯ ಸೆಕೆಂಡ್ ಸ್ಟೇಜ್:
ಹಾಕಿದೆ ಅಕ್ಕ. ಜೊತೆಗೆ ಸೆಕ್ಯುರಿಟಿ ತಾತನ ಪುಸ್ತಕದಲ್ಲಿ ಸಹಿ ಹಾಕಿ, ಪಕ್ಕದಲ್ಲಿ ಟೈಮ್ ಬರೆಸಿ, ಅದರ ಫೋಟೋ ತೆಗೆದಿದ್ದೀನಿ. ತಮ್ಮನ ಫೋನಿನಲ್ಲಿ.